ಕೈಯಲ್ಲಿ ಒತ್ತಿದ ಚಕ್ಕುಲಿ

ಬಸವೇಶ್ವರನಗರದ ಆ ನರ್ಸಿಂಗ್ ಹೋಮಿನ ಆಪರೇಷನ್ ಥಿಯೇಟರಿನಲ್ಲಿದ್ದ ಅರಿವಳಿಕೆ ಯಂತ್ರಕ್ಕೆ ಎರಡೇ ಬಗೆಯಲ್ಲಿ ಉಸಿರು ಕೊಡಲು ಬರುತ್ತಿತ್ತು. ಒಂದು, ಪ್ರತಿ ಉಸಿರಿಗೂ ಇಷ್ಟು ಗಾಳಿ ಎಂದು ಅಳತೆ ನಿಗದಿ ಮಾಡಿ ಕೊಡುವುದು. ಅದನ್ನು ನಾವು ವಾಲ್ಯೂಮ್ ಎನ್ನುತ್ತೇವೆ. ಇನ್ನೊಂದು, ಇಷ್ಟು ಒತ್ತಡ ಎಂದು ನಿಗದಿ ಮಾಡಿ, ಆ ಒತ್ತಡಕ್ಕೆ ಎಷ್ಟು ಗಾಳಿ ಹೋಗುತ್ತದೋ ಅಷ್ಟು ಹೋಗಲಿ ಎಂದು ಬಿಡುವುದು. ಅದು ಪ್ರೆಶರ್. ದೊಡ್ಡ ಆಸ್ಪತ್ರೆಗಳ ಹೊಸ ಯಂತ್ರಗಳಲ್ಲಿ ಇವೆರಡನ್ನೂ ಕೂಡಿಸಿದ ಮೂರನೆಯದೂ ಇರುತ್ತದೆ. ಇಲ್ಲಿ ಇರಲಿಲ್ಲ. ನಾನು ಒಂದೇ ಆಸ್ಪತ್ರೆಯಲ್ಲಿ ಸಂಬಳಕ್ಕಿರುವ ಅರಿವಳಿಕೆ ವೈದ್ಯೆಯಲ್ಲ. ಹೊಸಹಳ್ಳಿಯ ಮನೆಯಿಂದ ಸ್ಕೂಟರ್ ಹತ್ತಿ ಇವತ್ತು ರಾಜಾಜಿನಗರ, ನಾಳೆ ಕೆಂಗೇರಿ ಅಂತ ಸರ್ಜನ್‌ಗಳು ಕರೆದ ಕಡೆ ಹೋಗುವವಳು. ಮದುವೆ ಮನೆಗೆ ಹೋದ ಅಡುಗೆಯವರು ಅಲ್ಲಿರುವ ಒಲೆಯಲ್ಲೇ ಬೇಯಿಸಬೇಕಲ್ಲ, ಹಾಗೆ. ಯಂತ್ರ ಹಳೆಯದು ಎಂದು ಗೊಣಗುವುದನ್ನು ನಾನು ಬಿಟ್ಟು ಬಹಳ ಕಾಲವಾಗಿತ್ತು.

ಆಕೆಯನ್ನು ಮೊದಲು ನೋಡಿದ್ದು ಆಪರೇಷನ್ನಿಗೆ ಎರಡು ವಾರ ಮುಂಚೆ, ಅದೇ ನರ್ಸಿಂಗ್ ಹೋಮಿನ ಕೆಳಗಿನ ಕೋಣೆಯಲ್ಲಿ. ಐವತ್ತರ ಹತ್ತಿರದ ವಯಸ್ಸು. ಗಿಡ್ಡನೆಯ, ತುಂಬಿದ ಮೈ. ಕೈತುಂಬ ಹಸಿರು ಬಳೆ, ಇಡೀ ಕೋಣೆಗೆ ಕೇಳಿಸುವ ದನಿ. ವಿಜಯನಗರದಲ್ಲಿ ಗಂಡ ಹೆಂಡತಿ ಸೇರಿ ಕುರುಕಲು ತಿಂಡಿಯ ಅಂಗಡಿ ನಡೆಸುತ್ತಿದ್ದರು. ಗರ್ಭಕೋಶದಲ್ಲಿ ಗಡ್ಡೆಗಳಾಗಿ ತಿಂಗಳು ತಿಂಗಳೂ ರಕ್ತ ಹೋಗಿ ಸುಸ್ತಾಗಿದ್ದಳು. ಗರ್ಭಕೋಶ ತೆಗೆಯುವುದೇ ಸರಿ, ಲ್ಯಾಪ್ರೋಸ್ಕೋಪಿಯಲ್ಲಿ ಮಾಡೋಣ ಎಂದು ಸರ್ಜನ್ ಹೇಳಿದ್ದರು. ಹೊಟ್ಟೆಗೆ ಮೂರು ನಾಲ್ಕು ಸಣ್ಣ ತೂತು ಹಾಕಿ, ಕ್ಯಾಮೆರಾ ಬಿಟ್ಟು ಮಾಡುವ ಕೆಲಸ.

"ಮೇಡಂ, ನಂಗೆ ಒಂದೇ ಮಾತು ಹೇಳಿ. ಗೌರಿ ಹಬ್ಬದೊಳಗೆ ನಾನು ಚಕ್ಕುಲಿ ಒರಳು ಹಿಡೀಬಹುದಾ?" ಎಂದಳು. "ಆಷಾಢದಲ್ಲಿ ವ್ಯಾಪಾರ ಡಲ್ಲು ಅಂತಾನೇ ಈಗ ಮಾಡಿಸ್ಕೊತಾ ಇರೋದು. ಹಬ್ಬ ಬಂದ್ರೆ ಕೂರಕ್ಕೂ ಪುರುಸೊತ್ತಿರಲ್ಲ."

"ಚಕ್ಕುಲಿಗೆ ಮಿಷನ್ ಇಲ್ವೇನ್ರೀ?" ಎಂದೆ.

ಅವಮಾನವಾದವಳಂತೆ ನನ್ನನ್ನು ನೋಡಿದಳು. "ಮಿಷನ್ ಚಕ್ಕುಲಿ ಬೇಕಂದ್ರೆ ಜನ ನಮ್ಮಂಗಡಿಗೆ ಯಾಕ್ ಬರ್ತಾರೆ ಮೇಡಂ? ಬೋರ್ಡ್ ಮೇಲೇ ಹಾಕ್ಸಿದೀವಿ, ಕೈಯಲ್ಲಿ ಒತ್ತಿದ ಚಕ್ಕುಲಿ ಅಂತ. ನಮ್ಮತ್ತೆ ಕಾಲದ ಹಿತ್ತಾಳೆ ಒರಳು. ನಿಂತ್ಕೊಂಡು ಹೊಟ್ಟೆಯಿಂದ ತಳ್ಬೇಕು ಅದನ್ನ. ಬರೀ ಕೈಯಲ್ಲಿ ಆಗಲ್ಲ."

ಎದ್ದು ನಿಂತು ತೋರಿಸಿಯೇ ಬಿಟ್ಟಳು. ಎರಡೂ ಮುಷ್ಟಿ ಹೊಟ್ಟೆಗೆ ಆನಿಸಿ, ಉಸಿರು ಬಿಗಿಹಿಡಿದು, ಕೆಳಕ್ಕೆ ಒಂದು ತಳ್ಳು. ತಳ್ಳಿದ ಮೇಲೆ ಕೆಮ್ಮಿದಳು.

ಆ ಕೆಮ್ಮನ್ನು ನಾನು ಬಿಡಲಿಲ್ಲ. ಎಷ್ಟು ದಿನದಿಂದ ಎಂದರೆ, "ಬಾಣಲೆ ಮುಂದೆ ನಿಂತವರಿಗೆ ಕೆಮ್ಮು ಬರದೆ ಇನ್ನೇನ್ ಬರತ್ತೆ" ಎಂದು ನಕ್ಕಳು. ಊದುವ ಪರೀಕ್ಷೆ ಮಾಡಿಸಿದೆ. ಶ್ವಾಸನಾಳಗಳು ಸ್ವಲ್ಪ ಕಿರಿದಾಗಿದ್ದವು. ಹೆದರುವಂಥದ್ದೇನಲ್ಲ, ಕಡೆಗಣಿಸುವಂಥದ್ದೂ ಅಲ್ಲ. ಬೆಳಿಗ್ಗೆ ಸಂಜೆ ಎಳೆದುಕೊಳ್ಳಲು ಇನ್‌ಹೇಲರ್ ಬರೆದುಕೊಟ್ಟು, ಆಪರೇಷನ್ ದಿನದವರೆಗೆ ಕರಿಯುವ ಬಾಣಲೆಯ ಹತ್ತಿರ ಸುಳಿಯಕೂಡದು ಎಂದೆ. ಗದರಿಸಿಯೇ ಹೇಳಿದೆ. ನನ್ನ ಬಾಯಿ ಸ್ವಲ್ಪ ಜೋರು.

ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದಳು: "ಮೇಡಂ, ಮನೇಲಿ ಒಂದು ಹೋಮ ಮಾಡ್ಸೋಣ ಅಂತ ಇದೀವಿ, ಆಪರೇಷನ್ ಚೆನ್ನಾಗ್ ಆಗ್ಲಿ ಅಂತ. ಮಾಡಿಸ್ಬಹುದಲ್ವಾ?"

"ಧಾರಾಳವಾಗಿ ಮಾಡ್ಸಿ. ಧೈರ್ಯ ಬರೋದು ಏನಿದ್ರೂ ಮಾಡಿ" ಎಂದೆ. ನಾನು ದೇವರ ವಿಷಯದಲ್ಲಿ ಅಷ್ಟಕ್ಕಷ್ಟೇ. ಆದರೆ ಹೆದರಿದ ರೋಗಿಗಿಂತ ಧೈರ್ಯವಾಗಿರುವ ರೋಗಿ ವಾಸಿ. ಆಮೇಲೆ ಅವಳ ಖುಷಿಗೆ ಇನ್ನೊಂದು ಮಾತೂ ಸೇರಿಸಿದೆ: "ಹಬ್ಬದ ಹೊತ್ತಿಗೆ ನಿಮ್ಮ ಕೈ ಚಕ್ಕುಲಿ ತಿನ್ನೋಕೆ ನಾನೇ ಬರ್ತೀನಿ."

"ಬರ್ಲೇಬೇಕು" ಎಂದಳು.

ಆಪರೇಷನ್ ದಿನ ಬೆಳಿಗ್ಗೆ ಹಸಿರು ಗೌನ್ ತೊಟ್ಟು ಮಲಗಿದ್ದಳು. ಬಳೆಗಳನ್ನು ತೆಗೆಸಿದ್ದರಿಂದ ಕೈ ಬೋಳಾಗಿ ಕಾಣುತ್ತಿತ್ತು. ಹಣೆಯ ಮೇಲೆ ಹೋಮದ ರಕ್ಷೆಯ ಕಪ್ಪು ಬೊಟ್ಟು. "ಒಲೆ ಹತ್ರ ಹೋಗಿಲ್ಲ ತಾನೆ?" ಎಂದು ಕೇಳಿದೆ. "ದೇವರಾಣೆ ಮೇಡಂ, ಅಡುಗೆಮನೆ ಹೊಸ್ತಿಲೂ ದಾಟಿಲ್ಲ" ಎಂದಳು. ನಿಜವನ್ನೇ ಹೇಳಿದ್ದಳು. ಎದೆಗೆ ಸ್ಟೆತಸ್ಕೋಪ್ ಇಟ್ಟೆ. ಜೋರಾಗಿ ಉಸಿರು ಬಿಟ್ಟಾಗ ಕೊನೆಯಲ್ಲಿ ಸಣ್ಣ ಸುಯ್ ಸದ್ದು ಕೇಳಿಸಿತು. ನೆಬುಲೈಸರ್ ಹಾಕಿಸಿ ಕಾದೆ. ಸದ್ದು ಹೋಯಿತು. ಮುಂದುವರಿಯಬಹುದು ಎನ್ನಿಸಿತು. ನಿದ್ದೆ ಬರಿಸಿ, ಗಂಟಲಿಗೆ ಟ್ಯೂಬ್ ಹಾಕಿ, ಕಣ್ಣಿಗೆ ಟೇಪ್ ಅಂಟಿಸಬೇಕಾದರೆ ಬೊಟ್ಟಿನ ಕಪ್ಪು ಅಡ್ಡ ಬಂತು. ಸ್ಪಿರಿಟ್ ಹತ್ತಿಯಿಂದ ಒರೆಸಿದೆ. ಆ ಕಪ್ಪು ಎಲ್ಲಿಂದ ಬಂದದ್ದು ಎಂದು ಆ ಗಳಿಗೆಯಲ್ಲಿ ಯೋಚಿಸಲಿಲ್ಲ.

ವಾಲ್ಯೂಮ್‌ನಲ್ಲಿ ಶುರು ಮಾಡಿದೆ. ಅವಳ ಎತ್ತರಕ್ಕೆ ತಕ್ಕಂತೆ ಒಂದು ಉಸಿರಿಗೆ ಮುನ್ನೂರೈವತ್ತು ಮಿಲಿಲೀಟರ್ ಗಾಳಿ. ಒಳಗಿನ ಒತ್ತಡ ಇಪ್ಪತ್ತರ ಆಸುಪಾಸು, ಚೆನ್ನಾಗಿಯೇ ಇತ್ತು. ಆಮೇಲೆ ಸರ್ಜನ್ ಹೊಟ್ಟೆಗೆ ಕಾರ್ಬನ್ ಡೈಆಕ್ಸೈಡ್ ತುಂಬಿದರು. ಗಾಳಿ ತುಂಬಿ ಹೊಟ್ಟೆ ಉಬ್ಬದಿದ್ದರೆ ಒಳಗೆ ಕ್ಯಾಮೆರಾ ಆಡಿಸಲು ಜಾಗ ಇರುವುದಿಲ್ಲ. ನಂತರ ಕರುಳು ಎದೆಯ ಕಡೆ ಸರಿಯಲೆಂದು ಟೇಬಲ್ಲನ್ನು ತಲೆಯ ಕಡೆಗೆ ತಗ್ಗಿಸಿದರು. ಹೊಟ್ಟೆ ಉಬ್ಬಿ, ತಲೆ ಕೆಳಗಾಗಿ ಮಲಗಿದವಳ ಶ್ವಾಸಕೋಶದ ಮೇಲೆ ಆ ಭಾರವೆಲ್ಲ ಬಂದು ಕೂರುತ್ತದೆ. ಒತ್ತಡ ಮೂವತ್ತಾಯಿತು, ಮೂವತ್ತಾರಾಯಿತು, ನಲವತ್ತು ದಾಟಿ ಅಲಾರಂ ಹೊಡೆದುಕೊಂಡಿತು.

ಇಂಥಲ್ಲಿ ಮೊದಲು ನೋಡುವುದು ಟ್ಯೂಬನ್ನು. ಟೇಬಲ್ ತಗ್ಗಿದಾಗ ಅದು ಜಾರಿ ಒಂದೇ ಶ್ವಾಸಕೋಶಕ್ಕೆ ಹೋಗಿಬಿಡುವುದುಂಟು. ಎರಡೂ ಕಡೆ ಕೇಳಿದೆ, ಗಾಳಿ ಸಮನಾಗಿ ಹೋಗುತ್ತಿತ್ತು. ಹಾಗಾದರೆ ಹೊಟ್ಟೆಯ ಗಾಳಿಯದ್ದೇ ಕಾಟ ಎಂದುಕೊಂಡೆ. ದಪ್ಪ ಮೈ, ತಲೆ ಕೆಳಗೆ, ಹೊಟ್ಟೆ ತುಂಬ ಗ್ಯಾಸ್. ಇಂಥ ನೂರಾರು ಆಪರೇಷನ್‌ಗಳಲ್ಲಿ ನೋಡಿದ್ದೇ ಇದು. ನೂರಾರು ಸಲ ಮಾಡಿದ್ದನ್ನೇ ಮಾಡಿದೆ. ಪ್ರೆಶರ್‌ಗೆ ಬದಲಾಯಿಸಿದೆ.

ಅಲಾರಂ ಸುಮ್ಮನಾಯಿತು. ಥಿಯೇಟರ್ ಶಾಂತವಾಯಿತು. "ಥ್ಯಾಂಕ್ಸ್ ಮೇಡಂ" ಎಂದರು ಪರದೆಯ ಆಚೆಯಿಂದ ಸರ್ಜನ್. ವಿಷಯ ಏನೆಂದರೆ, ಪ್ರೆಶರ್‌ನಲ್ಲಿ ಒತ್ತಡ ಏರುವುದೇ ಇಲ್ಲ. ನಾವು ಕಟ್ಟಿಹಾಕಿದಷ್ಟೇ ಇರುತ್ತದೆ. ಒಳಗೆ ಏನೇ ಕೆಟ್ಟರೂ ಒತ್ತಡದ ಸಂಖ್ಯೆ ಅಲುಗಾಡುವುದಿಲ್ಲ, ಹೋಗುವ ಗಾಳಿ ಮಾತ್ರ ಕಡಿಮೆಯಾಗುತ್ತದೆ. ಕಡಿಮೆಯಾಯಿತು. ಮುನ್ನೂರೈವತ್ತು ಇದ್ದದ್ದು ಇನ್ನೂರೈವತ್ತಕ್ಕೆ ಬಂತು. ಅದನ್ನು ಸರಿದೂಗಿಸಲು ನಿಮಿಷಕ್ಕೆ ಕೊಡುವ ಉಸಿರಿನ ಸಂಖ್ಯೆ ಹೆಚ್ಚಿಸಿದೆ. ಇದೂ ರೂಢಿಯೇ. ಆದರೆ ಅವಳ ಉಸಿರಿನಲ್ಲಿ ಹೊರಬರುವ ಕಾರ್ಬನ್ ಡೈಆಕ್ಸೈಡ್ ಇಳಿಯಬೇಕಾದದ್ದು ಏರುತ್ತಲೇ ಹೋಯಿತು. ಆಮ್ಲಜನಕ ತೊಂಬತ್ತಮೂರಕ್ಕೆ ಇಳಿಯಿತು. ಬಿಪಿ ಕುಸಿಯತೊಡಗಿತು.

ಮಾನಿಟರಿನಲ್ಲಿ ಆ ಕಾರ್ಬನ್ ಡೈಆಕ್ಸೈಡನ್ನು ತೋರಿಸುವ ಗೆರೆಯನ್ನು ಆಗ ಸರಿಯಾಗಿ ನೋಡಿದೆ. ಮೇಲೆ ಚಪ್ಪಟೆಯಾಗಿ ಇರಬೇಕಾದದ್ದು ಓರೆಯಾಗಿ ಏರುತ್ತಿತ್ತು, ಛಾವಣಿಯ ಇಳಿಜಾರಿನ ಹಾಗೆ. ಮತ್ತೆ ವಾಲ್ಯೂಮ್‌ಗೆ ಬಂದು, ಒಂದು ಉಸಿರನ್ನು ಒಳಗೇ ಅರೆಗಳಿಗೆ ತಡೆಹಿಡಿದು ಅಳೆದೆ. ಗಾಳಿ ನುಗ್ಗುವಾಗ ಒತ್ತಡ ನಲವತ್ತನಾಲ್ಕು. ನುಗ್ಗಿ ನಿಂತ ಮೇಲೆ ಇಪ್ಪತ್ತೈದು. ಬಲೂನು ಊದುವಾಗ ಬಲೂನೇ ಗಟ್ಟಿಯಿದ್ದರೂ ಕಷ್ಟ, ಊದುವ ಕೊಳವೆ ಸಣ್ಣದಿದ್ದರೂ ಕಷ್ಟ. ನಿಂತ ಮೇಲೆ ಒತ್ತಡ ಇಷ್ಟು ಇಳಿಯುತ್ತದೆ ಎಂದರೆ ದೋಷ ಬಲೂನಿನದಲ್ಲ, ಕೊಳವೆಯದು. ಶ್ವಾಸನಾಳಗಳು ಬಿಗಿದುಕೊಂಡಿದ್ದವು. ನಾನು ಉಸಿರಿನ ವೇಗ ಹೆಚ್ಚಿಸಿ ಅದನ್ನು ಇನ್ನಷ್ಟು ಕೆಡಿಸಿದ್ದೆ. ಒಳಗೆ ಹೋದ ಗಾಳಿ ಹೊರಬರುವ ಮುಂಚೆಯೇ ಮುಂದಿನದು ನುಗ್ಗಿ, ಎದೆಯೊಳಗೆ ಗಾಳಿ ಸಿಕ್ಕಿಕೊಳ್ಳುತ್ತಿತ್ತು. ಹೃದಯಕ್ಕೆ ರಕ್ತ ವಾಪಸ್ ಬರಲು ಜಾಗವಿರಲಿಲ್ಲ.

"ಸರ್, ಗ್ಯಾಸ್ ಬಿಡಿ. ಟೇಬಲ್ ನೇರ ಮಾಡಿ. ಈಗ್ಲೇ."

"ಏನಾಯ್ತು ಮೇಡಂ?"

"ಬಿಡಿ ಸರ್ ಮೊದ್ಲು!"

ಬಿಟ್ಟರು. ಓಟಿ ಸಿಸ್ಟರ್ ನಾನು ಕೇಳುವ ಮುಂಚೆಯೇ ಇನ್‌ಹೇಲರ್ ಕೈಗಿಟ್ಟಳು. ಟ್ಯೂಬಿನ ಮೂಲಕ ಒಂದರ ಹಿಂದೊಂದು ಪಫ್ ಕೊಟ್ಟೆ, ಅರಿವಳಿಕೆಯ ಅನಿಲವನ್ನು ಹೆಚ್ಚಿಸಿದೆ, ಸ್ಟೀರಾಯ್ಡ್ ಕೊಟ್ಟೆ, ಉಸಿರಿನ ವೇಗ ತಗ್ಗಿಸಿ ಹೊರಬಿಡಲು ಹೆಚ್ಚು ಹೊತ್ತು ಕೊಟ್ಟೆ. ನಿಧಾನವಾಗಿ ಬಿಪಿ ಮೇಲೆ ಬಂತು. ಆಮ್ಲಜನಕ ಬಂತು. ಗೆರೆ ಸ್ವಲ್ಪ ಚಪ್ಪಟೆಯಾಯಿತು.

ಇಲ್ಲಿಗೇ ನಿಲ್ಲಿಸಿ ಎಬ್ಬಿಸಿಬಿಡಬಹುದಿತ್ತಲ್ಲ ಎಂದು ಯಾರಾದರೂ ಕೇಳಿಯಾರು. ಅಷ್ಟರಲ್ಲಿ ಸರ್ಜನ್ ಗರ್ಭಕೋಶದ ಒಂದು ಪಕ್ಕದ ರಕ್ತನಾಳಗಳನ್ನು ಸುಟ್ಟು ಕತ್ತರಿಸಿಯಾಗಿತ್ತು. ಅರ್ಧಕ್ಕೆ ಬಿಡುವ ಕೆಲಸ ಅದಲ್ಲ. ಉಳಿದದ್ದು ಎರಡು ದಾರಿ. ಮತ್ತೆ ಗ್ಯಾಸ್ ತುಂಬಿ ಮುಂದುವರಿಯುವುದು, ಇಲ್ಲವೆ ಹೊಟ್ಟೆ ಕುಯ್ದು ಮುಗಿಸುವುದು.

ಒಮ್ಮೆ ಪ್ರಯತ್ನಿಸಿದೆವು. ಗ್ಯಾಸಿನ ಒತ್ತಡ ಹದಿನೈದರ ಬದಲು ಹನ್ನೆರಡಕ್ಕೆ, ವಾಲ್ಯೂಮ್‌ನಲ್ಲಿ, ನಿಧಾನ ಉಸಿರಿನಲ್ಲಿ. ಟೇಬಲ್ ತಗ್ಗಿಸಿದ ಕೆಲವೇ ನಿಮಿಷಕ್ಕೆ ಗೆರೆ ಮತ್ತೆ ಓರೆಯಾಯಿತು. ಈ ಸಲ ಬಿಪಿ ಕುಸಿದದ್ದು ಮೊದಲಿಗಿಂತ ಬೇಗ. ಮತ್ತೆ ಗ್ಯಾಸ್ ಬಿಡಿಸಿದೆ, ಮತ್ತೆ ಎಲ್ಲವನ್ನೂ ಕೊಟ್ಟು ಅವಳನ್ನು ವಾಪಸ್ ತಂದೆ.

ಸರ್ಜನ್ ಪರದೆಯ ಮೇಲಿಂದ ಬಗ್ಗಿ ನನ್ನನ್ನು ನೋಡಿದರು. ಒಳ್ಳೆಯ ಕೈ ಅವರದು, ಸಿಟ್ಟು ಕಡಿಮೆ. "ಮೇಡಂ, ಹತ್ತಕ್ಕೆ ಇಳಿಸ್ತೀನಿ. ಟೇಬಲ್ ಅರ್ಧ ತಗ್ಸಿದ್ರೆ ಸಾಕು. ನಂಗೆ ಸರಿಯಾಗ್ ಕಾಣಲ್ಲ, ಆದ್ರೂ ಹೆಂಗೋ ನಿಭಾಯಿಸ್ತೀನಿ. ಇನ್ನೊಂದ್ಸಲ ನೋಡೋಣ್ವಾ? ಪಾಪ, ಅಂಗಡಿ ಅಂಗಡಿ ಅಂತ ಬಡ್ಕೊತಿದ್ರು."

ಅವಳು ಮುಷ್ಟಿಯನ್ನು ಹೊಟ್ಟೆಗೆ ಆನಿಸಿ ತೋರಿಸಿದ್ದು ನನಗೂ ನೆನಪಿತ್ತು. ಹೊಟ್ಟೆ ಕುಯ್ದರೆ ಗೌರಿ ಹಬ್ಬ ಹೋಯಿತು, ದಸರಾ ಕೂಡ ಹೋಯಿತು ಎಂದು ಗೊತ್ತಿತ್ತು. ಜೊತೆಗೆ ಎರಡು ಸಲ ಕುಸಿದ ಬಿಪಿಯೂ ಕಣ್ಣ ಮುಂದಿತ್ತು. ಮೂರನೆಯ ಸಲ ಕುಸಿದರೆ ವಾಪಸ್ ಬರುತ್ತದೆ ಎಂದು ಹೇಳುವ ಧೈರ್ಯ ನನಗಿರಲಿಲ್ಲ.

"ಬೇಡ ಸರ್. ಓಪನ್ ಮಾಡಿ" ಎಂದೆ.

ಅವರು ವಾದಿಸಲಿಲ್ಲ. ಸಿಸ್ಟರ್ ಹೋಗಿ ರೋಗಿಯ ಗಂಡನಿಗೆ ತಿಳಿಸಿ ಒಪ್ಪಿಗೆ ಪಡೆದು ಬಂದಳು. ಗಡ್ಡೆಗಳಿಂದ ಗರ್ಭಕೋಶ ದೊಡ್ಡದಾಗಿದ್ದರಿಂದ ಹೊಕ್ಕುಳ ಕೆಳಗೆ ಉದ್ದಕ್ಕೆ ಕುಯ್ಯಬೇಕಾಯಿತು. ಟೇಬಲ್ ನೇರವಿತ್ತು, ಹೊಟ್ಟೆಯಲ್ಲಿ ಗ್ಯಾಸ್ ಇರಲಿಲ್ಲ. ವಾಲ್ಯೂಮ್‌ನಲ್ಲಿ, ನಿಧಾನವಾಗಿ, ಆಪರೇಷನ್ ಮುಗಿಯುವವರೆಗೂ ಅವಳು ತಂಟೆ ಮಾಡದೆ ಉಸಿರಾಡಿದಳು.

ನಾನು ಹೊರಗೆ ಬಂದಾಗ ಅವಳ ಗಂಡ ಕೈಕಟ್ಟಿ ನಿಂತಿದ್ದರು. ಬಡಕಲು ಮೈಯ, ಮೆದು ಮಾತಿನ ಮನುಷ್ಯ. ಉಸಿರಿನ ತೊಂದರೆಯಾಯಿತು, ಅದಕ್ಕೇ ಕುಯ್ಯಬೇಕಾಯಿತು, ಜೀವಕ್ಕೆ ಭಯವಿಲ್ಲ ಎಂದು ಹೇಳಿದೆ. ನಿನ್ನೆ ಮೊನ್ನೆ ಶೀತ, ಜ್ವರ ಏನಾದರೂ ಇತ್ತಾ ಎಂದು ಕೇಳಿದೆ.

"ಏನೂ ಇಲ್ಲ ಮೇಡಂ. ನೀವ್ ಹೇಳ್ದಂಗೇ ಇದ್ಲು. ಬಾಣಲೆ ಮುಟ್ಟಕ್ಕೂ ಬಿಟ್ಟಿಲ್ಲ ನಾನು." ಸ್ವಲ್ಪ ತಡೆದು ಹೇಳಿದರು: "ನಿನ್ನೆ ಮನೇಲಿ ಹೋಮ ಇತ್ತಲ್ಲ, ನೀವೇ ಮಾಡ್ಸಿ ಅಂದ್ರಂತೆ. ಅದಕ್ಕೆ ಮಾತ್ರ ಕುಂಡದ ಮುಂದೆ ಕೂತಿದ್ಲು, ಪೂರ್ಣಾಹುತಿ ಆಗೋವರೆಗೂ. ನಮ್ದು ಸಣ್ಣ ಹಾಲ್, ಮುಖ ಕಾಣದಷ್ಟು ಹೊಗೆ. ಕೆಮ್ಮು ಬರ್ತಾ ಇತ್ತು, ಏಳು ಅಂದ್ರೂ ಏಳ್ಲಿಲ್ಲ. ಮಧ್ಯದಲ್ಲಿ ಎದ್ರೆ ಫಲ ಇಲ್ಲ ಅಂತ."

ಬಟ್ಟೆ ಬದಲಿಸುವ ಕೋಣೆಗೆ ಹೋಗಿ ಕೂತೆ. ಎರಡು ವಾರ ಬಾಣಲೆಯಿಂದ ದೂರವಿದ್ದು ಹದಕ್ಕೆ ಬಂದಿದ್ದ ಶ್ವಾಸನಾಳಗಳನ್ನು ಆಪರೇಷನ್ನಿನ ಹಿಂದಿನ ದಿನ ತುಪ್ಪ, ಸಮಿತ್ತು, ಎಳ್ಳಿನ ಹೊಗೆಯಲ್ಲಿ ಕೂರಿಸಿದ್ದರು. ನನ್ನ ಅಪ್ಪಣೆ ಪಡೆದೇ ಕೂರಿಸಿದ್ದರು. ಇದೇ ಕಾರಣ ಎಂದು ಅಳೆದು ತೋರಿಸಲು ಯಾರಿಗೂ ಆಗುವುದಿಲ್ಲ, ಒಪ್ಪುತ್ತೇನೆ. ಆದರೆ ಬೆಳಿಗ್ಗೆ ಆ ಕಪ್ಪು ಬೊಟ್ಟನ್ನು ನನ್ನ ಕೈಯಾರೆ ಒರೆಸಿದ್ದೆ. ಒಲೆಯ ಬಗ್ಗೆ ಕೇಳಿದ ನನಗೆ ಅಗ್ನಿಕುಂಡದ ಬಗ್ಗೆ ಕೇಳಬೇಕು ಎಂದು ಹೊಳೆಯಲಿಲ್ಲ. ಅವಳಿಗೂ ಹೊಳೆಯಲಿಲ್ಲ. ನಮ್ಮ ಜನಕ್ಕೆ ಹೋಮದ ಹೊಗೆ ಹೊಗೆಯೇ ಅಲ್ಲ. ನನಗೂ ಅದು ಹೊಗೆಯಾಗಿರಲಿಲ್ಲ.

ಸರ್ಜನ್‌ಗೆ ಹೇಳಿದೆ. "ಹೋಮ ಮಾಡಿಸ್ಬೇಡಿ ಅಂತ ಯಾವ ಬಾಯಲ್ಲಿ ಹೇಳ್ತೀರ ಮೇಡಂ?" ಎಂದರು. ಮಾಡಿಸಬೇಡಿ ಎನ್ನಬೇಕಿರಲಿಲ್ಲ. ನೀವು ಪಕ್ಕದ ಕೋಣೆಯಲ್ಲಿ ಕೂತಿರಿ, ಯಜಮಾನರು ಮಾಡಲಿ ಎಂದಿದ್ದರೆ ಸಾಕಿತ್ತು.

ಆಮೇಲಿನದು ಬೇಗ ಹೇಳಿ ಮುಗಿಸುತ್ತೇನೆ, ಹೇಳಲು ಸಂಕಟವಾಗುತ್ತದೆ. ಕೆಮ್ಮು ವಾರಗಟ್ಟಲೆ ನಿಲ್ಲಲಿಲ್ಲ. ಕೆಮ್ಮಿದಾಗಲೆಲ್ಲ ಹೊಲಿಗೆಯ ಮೇಲೆ ದಿಂಬು ಒತ್ತಿಕೊಳ್ಳುತ್ತಿದ್ದಳು. ಮೇಲೆ ಚರ್ಮ ಕೂಡಿಕೊಂಡಿತು, ಒಳಗಿನ ಪದರ ಸರಿಯಾಗಿ ಕೂಡಲಿಲ್ಲ. ಕೆಲವು ತಿಂಗಳಿಗೆ ಗಾಯದ ಜಾಗದಲ್ಲಿ ಹೊಟ್ಟೆ ಉಬ್ಬಿಕೊಂಡು ಹರ್ನಿಯಾ ಆಯಿತು. ಜಾಲರಿ ಹಾಕಿ ಸರಿಮಾಡಬಹುದು ಎಂದು ಸರ್ಜನ್ ಹೇಳಿದರೆ, ಇನ್ನೊಂದು ಸಲ ಆ ಟೇಬಲ್ ಹತ್ತುವುದಿಲ್ಲ ಎಂದಳಂತೆ. ಬೆಲ್ಟ್ ಕಟ್ಟಿಕೊಂಡು ಓಡಾಡುತ್ತಾಳೆ, ಭಾರ ಎತ್ತುವ ಹಾಗಿಲ್ಲ, ಹೊಟ್ಟೆಯಿಂದ ಬಲ ಬಿಡುವ ಹಾಗೇ ಇಲ್ಲ ಎಂದು ಅವರಿಂದಲೇ ತಿಳಿಯಿತು.

ಅಷ್ಟರಲ್ಲಿ ಕೆಂಗೇರಿಯಲ್ಲಿ ಹೆಚ್ಚು ಕಡಿಮೆ ಅಂಥದೇ ರೋಗಿ ಸಿಕ್ಕಳು. ಅದೇ ಮೈಕಟ್ಟು, ಅದೇ ಕಿರಿದಾದ ಶ್ವಾಸನಾಳ, ಅದೇ ಆಪರೇಷನ್. ನಡುವೆ ಗೆರೆ ಓರೆಯಾದಾಗ ಗ್ಯಾಸನ್ನು ಹತ್ತಕ್ಕೆ ಇಳಿಸಿ, ಟೇಬಲ್ ಅರ್ಧ ಮಾತ್ರ ತಗ್ಗಿಸಿ ನೋಡೋಣ ಎಂದು ನಾನೇ ಹೇಳಿದೆ. ನಡೆಯಿತು. ಕೊನೆಯವರೆಗೂ ನಡೆಯಿತು. ಮೂರನೆಯ ದಿನ ಆಕೆ ನಡೆದುಕೊಂಡು ಮನೆಗೆ ಹೋದಳು. ನಾನು ಸಂತೋಷಪಡಬೇಕಿತ್ತು. ಮೈಸೂರು ರಸ್ತೆಯ ಸಿಗ್ನಲ್ಲಿನಲ್ಲಿ ಸ್ಕೂಟರ್ ನಿಲ್ಲಿಸಿಕೊಂಡಿದ್ದಾಗ ಅಳು ಬಂತು. ಇವಳ ಬಿಪಿ ಕುಸಿದಿರಲಿಲ್ಲ, ಅವಳದ್ದು ಎರಡು ಸಲ ಕುಸಿದಿತ್ತು, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಎಂದು ಬುದ್ಧಿ ಹೇಳುತ್ತದೆ. ಅವತ್ತಿನ ಸ್ಥಿತಿಯಲ್ಲಿ ಇವತ್ತು ಕೇಳಿದರೂ ಓಪನ್ ಮಾಡಿ ಎಂದೇ ಹೇಳುತ್ತೇನೋ ಏನೋ. ಆದರೂ ಹತ್ತಕ್ಕೆ ಇಳಿಸಿ ನೋಡಲಿಲ್ಲವಲ್ಲ ಎಂಬುದು ಮನಸ್ಸಿನಿಂದ ಹೋಗುವುದಿಲ್ಲ.

ಮುಂದಿನ ವರ್ಷ ಗೌರಿ ಹಬ್ಬಕ್ಕೆ ಸ್ವಲ್ಪ ಮುಂಚೆ ಆ ಅಂಗಡಿಗೆ ಹೋದೆ. ಹೋಗಬೇಕೆಂದು ಹೊರಟು, ಮಾರುಕಟ್ಟೆಯವರೆಗೆ ಬಂದು, ತರಕಾರಿ ಕೊಂಡು ವಾಪಸಾದದ್ದು ಅದಕ್ಕೂ ಮುಂಚೆ ಒಂದೆರಡು ಸಲ ಆಗಿತ್ತು. ಬೋರ್ಡಿಗೆ ಹೊಸ ಬಣ್ಣ ಬಳಿದಿದ್ದರು. ಅದರ ಮೇಲೆ 'ಚಕ್ಕುಲಿ' ಎಂದಷ್ಟೇ ಇತ್ತು. ಒಳಗೆ ಮೋಟಾರಿನ ಸದ್ದು. ಆಕೆ ಗಲ್ಲಾದ ಹಿಂದೆ ಎತ್ತರದ ಕುರ್ಚಿಯಲ್ಲಿ ಕೂತಿದ್ದಳು. ಸೀರೆಯ ಒಳಗಿಂದ ಬೆಲ್ಟಿನ ಅಂಚು ಕಾಣುತ್ತಿತ್ತು. ಹಿತ್ತಾಳೆಯ ಒರಳನ್ನು ತಿಕ್ಕಿ ತೊಳೆದು, ಅರಿಸಿನ ಕುಂಕುಮ ಹಚ್ಚಿ ದೇವರ ಫೋಟೋದ ಪಕ್ಕ ಇಟ್ಟಿದ್ದರು.

"ಅಯ್ಯೋ ಮೇಡಂ, ಬನ್ನಿ ಬನ್ನಿ!" ಅದೇ ದನಿ. ಗಂಡನನ್ನು ಕೂಗಿ ಕರೆದಳು. ಪಕ್ಕದಲ್ಲಿದ್ದ ಗಿರಾಕಿಗೆ ನನ್ನನ್ನು ತೋರಿಸಿ, "ನನ್ ಜೀವ ಉಳಿಸಿದ ಡಾಕ್ಟ್ರು" ಎಂದಳು. ನನಗೆ ನಿಂತ ನೆಲ ಬಿಸಿಯಾಯಿತು.

ಹೋಮದ ಹೊಗೆಯ ವಿಷಯ ಹೇಳಿಬಿಡೋಣ ಎಂದೇ ಹೋಗಿದ್ದೆ. ಬಾಯಿ ತೆರೆಯುವ ಮುಂಚೆ ಅವಳೇ ಹೇಳಿದಳು: "ನೀವು ಹೋಮ ಮಾಡ್ಸಿ ಅಂದ್ರಲ್ಲ ಮೇಡಂ, ಅದಕ್ಕೇ ಉಳ್ಕೊಂಡೆ ನೋಡಿ. ಎರಡು ಸಲ ಹೋಗಿ ಬಂದೆ ಅಂತ ಸಿಸ್ಟರ್ ಹೇಳಿದ್ರು. ಇನ್ಮೇಲೆ ವರ್ಷಾ ವರ್ಷಾ ಮಾಡಿಸ್ತೀವಿ. ಮುಂದಿನ ತಿಂಗ್ಳು ಇದೆ, ನೀವೂ ಬರ್ಬೇಕು."

ಅವಳ ಮುಖ ನೋಡಿದೆ. ಹೊಟ್ಟೆಯ ಬಲ ಹೋಗಿತ್ತು, ಬೋರ್ಡಿನ ಮಾತು ಹೋಗಿತ್ತು. ಅವಳ ಹತ್ತಿರ ಉಳಿದಿದ್ದದ್ದು ಈ ನಂಬಿಕೆ. ಅದನ್ನೂ ನಾನೇ ಕಿತ್ತುಕೊಳ್ಳಲೇ? ಬಾಯಿ ಜೋರಿನ ನನ್ನಿಂದ ಹೊರಟದ್ದು ಇಷ್ಟೇ: "ಹೋಮಕ್ಕೆ ಸ್ವಲ್ಪ ದೂರ ಕೂತ್ಕೊಳ್ಳಿ. ಹೊಗೆ ನಿಮಗೆ ಆಗಲ್ಲ."

ಅವಳು ನಕ್ಕುಬಿಟ್ಟಳು. "ಹೋಮದ ಹೊಗೆ ಏನ್ ಮಾಡತ್ತೆ ಮೇಡಂ? ಬಾಣಲೆ ಹೊಗೆ ಬೇರೆ, ಅದು ಬೇರೆ."

ಯಜಮಾನರನ್ನು ಬಾಗಿಲ ಹತ್ತಿರ ಕರೆದು ಇನ್ನೊಮ್ಮೆ ಹೇಳಿದೆ, ಈ ಸಲ ಗದರಿಸಿ. ಅವರು ತಲೆಯಾಡಿಸಿದರು. ಅರ್ಥವಾಯಿತೇನೋ, ಕ್ಷಣ ಹೊತ್ತು ನನ್ನನ್ನೇ ನೋಡಿದರು.

ಹೊರಡುವಾಗ ಆಕೆ ಒಂದು ಪೊಟ್ಟಣ ಕಟ್ಟಿ ಕೈಗಿಟ್ಟಳು. ಕೊಡುವಾಗ ದನಿ ತಗ್ಗಿತು.

"ತಗೊಳ್ಳಿ ಮೇಡಂ. ಆದ್ರೆ ಇದು ನನ್ ಕೈದಲ್ಲ."

ಮನೆಗೆ ತಂದು ತಿಂದೆ. ಗರಿಗರಿಯಾಗಿತ್ತು, ಉಪ್ಪು ಖಾರ ಹದವಾಗಿತ್ತು. ಅವಳು ಒತ್ತಿದ ಚಕ್ಕುಲಿಯ ರುಚಿ ಹೇಗಿತ್ತು ಎಂದು ನನಗೆ ಗೊತ್ತಾಗಲೇ ಇಲ್ಲ.